ಬ್ರೈಟನ್ ಕಡಲತಡಿಯಲ್ಲಿ ಊಟದ ವಿಚಾರ

ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಲ್ಲಿ ರೈಲು ಹತ್ತಿ ದಕ್ಷಿಣಾಭಿಮುಖವಾಗಿ ಹೊರಟರೆ ಸುಮಾರು ಒಂದು ಗಂಟೆಯಲ್ಲಿ ಬ್ರೈಟನ್ ಬರುತ್ತದೆ. ನಿಲ್ದಾಣದಿಂದ ಹೊರಬಿದ್ದು, ಇಳಿಜಾರಾಗಿರುವ ಬೀದಿಯಲ್ಲಿ ನೇರವಾಗಿ ಹದಿನೈದು ನಿಮಿಷ ನಡೆದರೆ ಎದುರಿಗೇ ಕಡಲು. ನಮ್ಮ ಕುಂಬಳೆ, ಬೇಕಲಗಳ ಮರಳದಂಡೆಯನ್ನು ಕಂಡು ಬೆಳೆದವರಿಗೆ ಮೊದಲ ನೋಟಕ್ಕೆ ಅದು ನಿರಾಶೆಯನ್ನೇ ಉಂಟುಮಾಡೀತು. ನೀರು ಬಹಳ ಇಳಿದಾಗ ಹೊರತು ಅಲ್ಲಿ ಮರಳು ಕಾಣದು. ದಂಡೆಯ ಉದ್ದಕ್ಕೂ ಉರುಟು ಕಲ್ಲುಗಳು. ಬರಿಗಾಲಿನಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಹಳೆಯ ಪಾಪಗಳೆಲ್ಲ ನೆನಪಾಗುತ್ತವೆ. ಆದರೂ ಬಿಸಿಲು ಕಂಡ ದಿನ ಆ ಕಲ್ಲುಗಳ ಮೇಲೆ ಸಾವಿರಾರು ಮಂದಿ ಕಾಗದದ ಪೊಟ್ಟಣಗಳನ್ನು ಬಿಡಿಸಿಕೊಂಡು ಕುಳಿತಿರುತ್ತಾರೆ. ತಿನ್ನುವುದು ಈ ಊರಿನ ಒಂದು ಮುಖ್ಯ ಉದ್ಯೋಗ.

ಹೊರಗಿನ ಜನ ಇಲ್ಲಿಗೆ ಬರತೊಡಗಿದ್ದು ಮಾತ್ರ ಉಣ್ಣುವುದಕ್ಕಲ್ಲ, ಕುಡಿಯುವುದಕ್ಕೆ. ಅದೂ ಕಡಲಿನ ಉಪ್ಪುನೀರನ್ನು ಎಂದರೆ ವಾಚಕರು ನಕ್ಕಾರು. ಸಮೀಪದ ಲೂಯಿಸ್ ಎಂಬ ಊರಿನ ವೈದ್ಯ ರಿಚರ್ಡ್ ರಸೆಲ್ 1750ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿ, ಗ್ರಂಥಿರೋಗಗಳಿಗೆ ಸಮುದ್ರಸ್ನಾನವೂ ಸಮುದ್ರಜಲಪಾನವೂ ಮದ್ದೆಂದು ಸಾರಿದನು. ಅದುವರೆಗೆ ಬೆಸ್ತರ ಹಳ್ಳಿಯಾಗಿದ್ದ ಊರಿಗೆ ಶ್ರೀಮಂತರ ಗಾಡಿಗಳು ಬಂದವು. 1783ರಲ್ಲಿ ಯುವರಾಜನೇ ಬಂದನು. ಮುಂದೆ ನಾಲ್ಕನೆಯ ಜಾರ್ಜ್ ಎನಿಸಿದವನು ಅವನು. 1841ರಲ್ಲಿ ರೈಲು ಬಂದ ಮೇಲೆ ಲಂಡನ್ನಿನ ಸಾಮಾನ್ಯ ಜನವೂ ಒಂದು ದಿನದ ರಜೆಯಲ್ಲಿ ಬಂದು ಹೋಗುವಂತಾಯಿತು. ಹೀಗೆ ರಾಜನ ಪಂಕ್ತಿಯೂ ಕೂಲಿಕಾರನ ಪೊಟ್ಟಣವೂ ಇಲ್ಲಿ ಅಕ್ಕಪಕ್ಕದಲ್ಲಿ ಬೆಳೆದವು.

ನಾವು ಹೋದದ್ದು ಎರಡು ಮನೆಯವರು ಕೂಡಿ. ನೆರೆಕರೆಯವರು, ಒಂದು ಮೀನಿನ ಮನೆ, ಇನ್ನೊಂದು ಮೀನಿಲ್ಲದ ಮನೆ. ಊರಿನಲ್ಲಿ ನಡುವಣ ಬೇಲಿಯೊಂದು ಇದರ ತೊಡಕನ್ನು ಸಲೀಸಾಗಿ ನಿವಾರಿಸುತ್ತದೆ. ಪರದೇಶದಲ್ಲಿ ಒಂದೇ ಮೇಜಿಗೆ ಕೂರಬೇಕಾದಾಗ ಬೇಲಿ ಎಲ್ಲಿಂದ ಬರಬೇಕು? ಅದರಲ್ಲಿಯೂ ನಮ್ಮೊಡನಿದ್ದ ದೊಡ್ಡಮ್ಮನವರು ಮೊಟ್ಟೆ ಸೋಕಿದ ಪಾತ್ರೆಯನ್ನು ಕೂಡ ಮುಟ್ಟುವವರಲ್ಲ. ಆದುದರಿಂದ ಬ್ರೈಟನ್ನಿನಲ್ಲಿ ನಾವು ನೋಡಿದ ಮೊದಲ ವಸ್ತು ಅರಮನೆಯೂ ಅಲ್ಲ, ಕಡಲಿನೊಳಕ್ಕೆ ಚಾಚಿದ ಕಟ್ಟೆಯೂ ಅಲ್ಲ. ಹೋಟೆಲುಗಳ ಬಾಗಿಲಲ್ಲಿ ತೂಗುಹಾಕಿದ ಮೆನು ಹಾಳೆಗಳು. ಆ ದೇಶದ ಒಂದು ಸೌಕರ್ಯವಿದು: ಒಳಗೆ ಕಾಲಿಡುವ ಮೊದಲೇ ಏನು ಸಿಗುತ್ತದೆ, ಎಷ್ಟು ಬೆಲೆ ಎಂಬುದನ್ನು ಬೀದಿಯಲ್ಲಿಯೇ ಓದಿಕೊಳ್ಳಬಹುದು.

ಇದೇ ಊರಿನಲ್ಲಿ ಇಂಥದೇ ಒಂದು ಹಾಳೆಯನ್ನು ಹಿಡಿದುಕೊಂಡು ತಬ್ಬಿಬ್ಬಾಗಿ ಕುಳಿತಿದ್ದ ಇನ್ನೊಬ್ಬ ಭಾರತೀಯರುಂಟು. 1888ರಲ್ಲಿ ವಕೀಲಿ ಕಲಿಯಲೆಂದು ಇಂಗ್ಲೆಂಡಿಗೆ ಬಂದ ಗಾಂಧೀಜಿಯವರು, ಅಲ್ಲಿನ ಮೊದಲ ವರ್ಷದಲ್ಲಿಯೇ ಬ್ರೈಟನ್ನಿಗೆ ಹೋಗಿದ್ದುದನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಹೋಟೆಲಿನ ಮೆನು ಪೂರ್ತಿಯಾಗಿ ಫ್ರೆಂಚ್ ಭಾಷೆಯಲ್ಲಿ. ತಾಯಿಗೆ ಮಾಂಸ ಮುಟ್ಟುವುದಿಲ್ಲವೆಂದು ಮಾತು ಕೊಟ್ಟು ಬಂದ ಹತ್ತೊಂಬತ್ತರ ತರುಣ. ಯಾವುದರಲ್ಲಿ ಏನಿದೆಯೆಂದು ತಿಳಿಯದು, ಕೇಳುವುದಕ್ಕೆ ನಾಚಿಕೆ. ಅದೇ ಮೇಜಿನಲ್ಲಿದ್ದ ವೃದ್ಧ ವಿಧವೆಯೊಬ್ಬರು ಅವರ ಪೇಚಾಟವನ್ನು ಗಮನಿಸಿ ತಾವಾಗಿಯೇ ಮಾತನಾಡಿಸಿ, ಹಾಳೆಯನ್ನು ಓದಿ ಅರ್ಥ ಹೇಳಿ, ಅವರು ತಿನ್ನಬಹುದಾದುದನ್ನು ತೋರಿಸಿಕೊಟ್ಟರು. ಆ ಪರಿಚಯ ಸ್ನೇಹವಾಗಿ ಲಂಡನ್ನಿನಲ್ಲಿಯೂ ಮುಂದುವರಿಯಿತು. ಆಕೆ ಈ ಸಭ್ಯ ಹುಡುಗನಿಗೆ ಕನ್ಯೆಯರ ಪರಿಚಯವನ್ನೂ ಮಾಡಿಸತೊಡಗಿದಾಗ, ತಾವು ವಿವಾಹಿತರೆಂಬುದನ್ನು ಅವರು ಪತ್ರ ಬರೆದು ತಿಳಿಸಬೇಕಾಗಿ ಬಂದ ಪ್ರಸಂಗವನ್ನು ಮೂಲದಲ್ಲಿಯೇ ಓದಬೇಕು.

ಇಂದು ಮೆನುವಿನಲ್ಲಿ ಫ್ರೆಂಚ್ ಕಡಮೆ. ಆದರೆ ಇಂಗ್ಲಿಷ್ ಬಲ್ಲವರನ್ನೂ ದಾರಿ ತಪ್ಪಿಸುವ ಒಂದು ಮಾತು ಅದರಲ್ಲಿದೆ: ವೆಜಿಟೇರಿಯನ್. ಆ ದೇಶದಲ್ಲಿ ಈ ಶಬ್ದದೊಳಗೆ ಮೊಟ್ಟೆ ಸೇರಿದೆ. ಸಸ್ಯಾಹಾರಿಗಳ ಸಂಘ ಅಲ್ಲಿ ಹುಟ್ಟಿದ್ದು 1847ರಲ್ಲಿ, ಅದೂ ಕೆಂಟ್ ಪ್ರಾಂತದ ರಾಮ್ಸ್‌ಗೇಟ್ ಎಂಬ ಇನ್ನೊಂದು ಕಡಲತಡಿಯ ಊರಿನಲ್ಲಿ. ಮೊಟ್ಟೆಯನ್ನು ಬಿಟ್ಟವರ ಪಂಗಡ 1944ರಲ್ಲಿ ಬೇರೆಯಾಗಿ ವೀಗನ್ ಎಂಬ ಹೊಸ ಹೆಸರನ್ನು ಇಟ್ಟುಕೊಂಡಿತು. ಆದರೆ ಅವರು ಹಾಲು, ಮೊಸರು, ಬೆಣ್ಣೆ, ತುಪ್ಪಗಳನ್ನೂ ಬಿಟ್ಟವರು. ಮೊಟ್ಟೆ ಬೇಡ, ಮಜ್ಜಿಗೆ ಬೇಕು ಎನ್ನುವ ನಮ್ಮ ದೊಡ್ಡಮ್ಮನವರಿಗೆ ನಾವು ಕಂಡ ಮೆನುಗಳಲ್ಲಿ ಹೆಸರೇ ಇರಲಿಲ್ಲ! ನಮ್ಮ ಅನುಭವದಲ್ಲಿ ನೆಮ್ಮದಿಯ ಉಪಾಯವೆಂದರೆ ವೀಗನ್ ಗುರುತಿನ ಪದಾರ್ಥವನ್ನು ತರಿಸಿಕೊಂಡು, ಬೆಣ್ಣೆಯನ್ನು ಬೇರೆಯಾಗಿ ಕೇಳುವುದು.

ಇನ್ನೊಂದು ಆಸರೆ ಅಲ್ಲಿನ ಕಾನೂನು. ಕೆಲವರಿಗೆ ಒಗ್ಗದ 14 ಬಗೆಯ ವಸ್ತುಗಳಲ್ಲಿ ಯಾವುದು ಯಾವ ತಿನಿಸಿನಲ್ಲಿದೆ ಎಂಬುದನ್ನು ಹೋಟೆಲಿನವರು ಗಿರಾಕಿಗೆ ತಿಳಿಸಲೇಬೇಕೆಂದು 2014ರಿಂದ ಕಟ್ಟಳೆಯಾಗಿದೆ. ಆ ಪಟ್ಟಿಯಲ್ಲಿ ಮೊಟ್ಟೆ, ಮೀನು, ಸೀಗಡಿ ಜಾತಿಗಳು ಸೇರಿವೆ. ಪಟ್ಟಿಯನ್ನು ಕೇಳಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಮಾಂಸ ಆ ಪಟ್ಟಿಗೆ ಸೇರಿಲ್ಲವಾದುದರಿಂದ ಅದನ್ನು ಮಾತ್ರ ಬಾಯಿಬಿಟ್ಟು ವಿಚಾರಿಸಿಕೊಳ್ಳಬೇಕು. ಕೆಲವು ಗಿಣ್ಣುಗಳನ್ನು ಹೆಪ್ಪುಗಟ್ಟಿಸಲು ಕರುವಿನ ಜಠರದ ಸತ್ವವನ್ನು ಬಳಸುತ್ತಾರೆ. ಹಲವು ಮಿಠಾಯಿಗಳಲ್ಲಿರುವ ಜೆಲಾಟಿನ್ ಪ್ರಾಣಿಯ ಮೂಳೆ ಚರ್ಮಗಳದು. ವೂಸ್ಟರ್ ಸಾಸ್ ಎಂಬ ಕಪ್ಪು ಗೊಜ್ಜಿನಲ್ಲಿ ಸಣ್ಣ ಮೀನು ಕರಗಿರುತ್ತದೆ. ಸುಯೆಟ್ ಎಂದು ಬರೆದ ಕಡುಬಿನ ಹಿಟ್ಟಿಗೆ ದನದ ಕೊಬ್ಬು ಬೆರೆತಿರುತ್ತದೆ. ಇಷ್ಟನ್ನು ತಿಳಿದುಕೊಂಡರೆ ಸಾಕು.

ಇಷ್ಟೆಲ್ಲ ಗೊಡವೆಯೇ ಬೇಡವೆನ್ನುವವರಿಗೆ ಬ್ರೈಟನ್ನಿನಷ್ಟು ಅನುಕೂಲದ ಕಡಲೂರು ಆ ದೇಶದಲ್ಲಿ ಇನ್ನೊಂದಿರಲಾರದೆಂದು ನಮ್ಮ ಭಾವನೆ. ಇಲ್ಲಿನ ಜನಕ್ಕೆ ಹಸಿರಿನ ಮೇಲೆ ಮಮತೆ ಜಾಸ್ತಿ. ಹಸಿರು ಪಕ್ಷದ ಮೊದಲ ಸದಸ್ಯೆಯನ್ನು 2010ರಲ್ಲಿ ಬ್ರಿಟನ್ನಿನ ಲೋಕಸಭೆಗೆ ಆರಿಸಿ ಕಳುಹಿಸಿದ್ದು ಈ ಊರೇ. ಲೇನ್ಸ್ ಎಂದು ಕರೆಯುವ ಹಳೆಯ ಪೇಟೆಯ ಇಕ್ಕಟ್ಟಾದ ಓಣಿಗಳ ಮಗ್ಗುಲಲ್ಲಿ ‘ಫುಡ್ ಫಾರ್ ಫ್ರೆಂಡ್ಸ್’ ಎಂಬ ಶಾಕಾಹಾರಿ ಭೋಜನಗೃಹ 1981ರಲ್ಲಿ ಆರಂಭವಾಯಿತು. ಈಸ್ಟ್ ಸ್ಟ್ರೀಟಿನಲ್ಲಿರುವ ‘ತೇರ್ ಅ ತೇರ್’ 1993ರದು. ಎರಡೂ ಮಾಂಸವನ್ನು ಒಳಗೇ ಸೇರಿಸುವುದಿಲ್ಲ, ಎರಡೂ ಅಗ್ಗದವಲ್ಲ. ಮಾಂಸದ ಪಕ್ಕದಲ್ಲಿ ತಪ್ಪಿತಸ್ಥನಂತೆ ಕೂರುವ ಬೇಯಿಸಿದ ಬಟಾಟೆ, ಬಟಾಣಿಗಳನ್ನು ಅಲ್ಲಿ ಕಾಣಲಾರಿರಿ. ತರಕಾರಿಯನ್ನೇ ಯಜಮಾನನನ್ನಾಗಿ ಕೂರಿಸಿ, ಅದಕ್ಕೆ ಪೂರ್ವ ಪಶ್ಚಿಮಗಳ ಮಸಾಲೆಯ ಉಪಚಾರ ಮಾಡಿರುತ್ತಾರೆ. ನಮ್ಮ ಮೀನಿನ ಮನೆಯವರು ಕೂಡ ತಟ್ಟೆಯನ್ನು ಬಳಿದು ತಿಂದರೆಂಬುದನ್ನು ಇಲ್ಲಿ ದಾಖಲಿಸುವುದು ನ್ಯಾಯ. ವಾರದ ಕೊನೆಯಲ್ಲಿ ಹೋಗುವವರು ಮುಂಚಿತವಾಗಿ ಜಾಗ ಕಾದಿರಿಸುವುದು ಒಳ್ಳೆಯದು.

ಇನ್ನು ಕಡಲಿನ ಕಡೆಗೆ ಬರೋಣ. ಇಂಗ್ಲಿಷರ ಕಡಲತಡಿಯ ಊಟವೆಂದರೆ ಫಿಶ್ ಅಂಡ್ ಚಿಪ್ಸ್. ಕಾಡ್, ಹ್ಯಾಡಕ್ ಮೊದಲಾದ ಬಿಳಿ ಮಾಂಸದ ಮೀನನ್ನು ಮುಳ್ಳು ತೆಗೆದು, ಹಿಟ್ಟಿನಲ್ಲಿ ಅದ್ದಿ, ಕಾದ ಕೊಬ್ಬಿನಲ್ಲೋ ಎಣ್ಣೆಯಲ್ಲೋ ಕರಿಯುತ್ತಾರೆ. ನಮ್ಮ ಪೋಡಿಯ ಪದ್ಧತಿಯೇ. ಆದರೆ ಕಡಲೆಹಿಟ್ಟಿನ ಬದಲು ಗೋಧಿಹಿಟ್ಟು, ಮೆಣಸಿನ ಸುಳಿವಿಲ್ಲ. ಜೊತೆಗೆ ಬೆರಳು ಗಾತ್ರಕ್ಕೆ ಹೆಚ್ಚಿ ಕರಿದ ಬಟಾಟೆ. ಮೇಲೆ ಉಪ್ಪು, ಬಾರ್ಲಿಯಿಂದ ತಯಾರಿಸಿದ ವಿನಿಗರ್. ಹಿಟ್ಟು ಹಚ್ಚಿ ಮೀನು ಕರಿಯುವ ವಿದ್ಯೆ ಸ್ಪೇನ್, ಪೋರ್ಚುಗಲ್‌ಗಳಿಂದ ವಲಸೆ ಬಂದ ಯೆಹೂದ್ಯರ ಮೂಲಕ ಬಂತೆಂದು ಹೇಳುತ್ತಾರೆ. ಎರಡನ್ನೂ ಸೇರಿಸಿ ಮಾರುವ ಅಂಗಡಿಗಳು ಹುಟ್ಟಿದ್ದು 1860ರ ಸುಮಾರಿಗೆ. ಎರಡನೆಯ ಮಹಾಯುದ್ಧದಲ್ಲಿ ಬೆಣ್ಣೆ, ಸಕ್ಕರೆ, ಮಾಂಸಗಳಿಗೆಲ್ಲ ರೇಷನ್ ಬಂದಾಗಲೂ ಸರಕಾರ ಇದನ್ನು ಮಾತ್ರ ಮುಟ್ಟಲಿಲ್ಲ. ಬಡವನ ರಾತ್ರಿಯೂಟಕ್ಕೆ ಕೈಹಾಕುವುದು ಕ್ಷೇಮವಲ್ಲವೆಂದು ಕಂಡಿರಬೇಕು.

ಇದನ್ನು ಕಡಲಿನ ಎದುರಿನ ಹೋಟೆಲಿನಲ್ಲಿ ಕೂತು ತಿನ್ನುವುದಾದರೆ, ಪಶ್ಚಿಮದ ಕಟ್ಟೆಗೆ ಅಭಿಮುಖವಾಗಿರುವ ಹಳೆಯ ‘ರೀಜೆನ್ಸಿ’ ಇದೆ. ಆ ಕಟ್ಟೆ 1866ರದು. 1975ರಲ್ಲಿ ಮುಚ್ಚಿ, 2003ರಲ್ಲಿ ಬೆಂಕಿಗೆ ತುತ್ತಾಗಿ, ಈಗ ಕಬ್ಬಿಣದ ಅಸ್ಥಿಪಂಜರವಾಗಿ ನೀರಿನಲ್ಲಿ ನಿಂತಿದೆ. ಸಂಜೆ ಹಕ್ಕಿಗಳ ದೊಡ್ಡ ಹಿಂಡು ಅದರ ಮೇಲೆ ಸುಳಿದಾಡುವುದನ್ನು ನೋಡುತ್ತಾ ಉಣ್ಣಬಹುದು. ಸಿಂಪಿ, ಏಡಿಗಳ ಭೋಗವನ್ನು ಬಯಸುವವರಿಗೆ ಈಸ್ಟ್ ಸ್ಟ್ರೀಟಿನ ಬಳಿ, ಬೆಸ್ತರ ಹಳೆಯ ಮನೆಗಳನ್ನು ಕೂಡಿಸಿ ಮಾಡಿದ ‘ಇಂಗ್ಲಿಷಸ್’ ಇದೆ. ಸಿಂಪಿಯನ್ನು ಹಸಿಯಾಗಿ, ನಿಂಬೆಹುಳಿ ಹಿಂಡಿ ನುಂಗುತ್ತಾರೆ. ಮರುವಾಯಿಯನ್ನು ತೆಂಗಿನಕಾಯಿ ಮಸಾಲೆಯಲ್ಲಿ ಬೇಯಿಸಿ ತಿಂದು ಬೆಳೆದ ನಮ್ಮ ಸ್ನೇಹಿತರು ಒಂದನ್ನು ಬಾಯಿಗಿಟ್ಟು, ಉಳಿದವುಗಳನ್ನು ಬಹು ವಿನಯದಿಂದ ಪತ್ನಿಗೆ ಒಪ್ಪಿಸಿದರು.

ಪೊಟ್ಟಣ ಕಟ್ಟಿಸಿಕೊಂಡು ಕಲ್ಲುದಂಡೆಯಲ್ಲಿ ತಿನ್ನುವುದೇ ರುಚಿ. ಕಡಲಿನಿಂದ ಎರಡು ಬೀದಿ ಒಳಗೆ ಹೋದರೆ ಬೆಲೆ ಸ್ವಲ್ಪ ಇಳಿಯುತ್ತದೆ. ಬರಿಯ ಚಿಪ್ಸ್ ಸಾಕೆನ್ನುವ ಶಾಕಾಹಾರಿಗಳು ಎರಡು ಪ್ರಶ್ನೆಗಳನ್ನು ಕೇಳಲೇಬೇಕು: ಕರಿಯುವುದು ಎಣ್ಣೆಯಲ್ಲೋ ದನದ ಕೊಬ್ಬಿನಲ್ಲೋ? ಮೀನು ಮುಳುಗಿದ ಬಾಣಲೆಯಲ್ಲಿಯೇ ಬಟಾಟೆಯೂ ಮುಳುಗುತ್ತದೆಯೋ? ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಕೊಬ್ಬಿನ ಬಳಕೆ ಹೆಚ್ಚು, ದಕ್ಷಿಣದಲ್ಲಿ ಎಣ್ಣೆಯದೇ ಹೆಚ್ಚು; ಆದರೂ ಕೇಳುವುದು ಲೇಸು. ನಾವು ವಿಚಾರಿಸಿದ ಒಂದು ಅಂಗಡಿಯ ಹುಡುಗ ದೊಡ್ಡಮ್ಮನವರನ್ನು ಗಲ್ಲಾದ ಬದಿಗೆ ಕರೆದು, ಬೇರೆ ಬೇರೆಯಾಗಿದ್ದ ಎರಡು ಬಾಣಲೆಗಳನ್ನು ಬೆರಳುಮಾಡಿ ತೋರಿಸಿದನು. ಅವರು ತೃಪ್ತಿಯಿಂದ ತಲೆಯಾಡಿಸಿ, ಅವನಿಗೆ ಕನ್ನಡದಲ್ಲಿಯೇ ಆಶೀರ್ವಾದ ಮಾಡಿದರು. ಪೊಟ್ಟಣ ಬಿಚ್ಚುವಾಗ ಕಡಲಹಕ್ಕಿಗಳ ಮೇಲೆ ಕಣ್ಣಿರಲಿ. ನಮ್ಮೂರ ಕಾಗೆಗಳು ಇವುಗಳ ಮುಂದೆ ಸನ್ಯಾಸಿಗಳು. ಗಾತ್ರದಲ್ಲಿ ಕೋಳಿಯಷ್ಟಿದ್ದು, ಹಿಂದಿನಿಂದ ಎರಗಿ ಬಾಯಿಗೊಯ್ಯುವ ತುತ್ತನ್ನೇ ಕಸಿದುಕೊಳ್ಳುತ್ತವೆ. ಮಕ್ಕಳಿಗೆ ‘ಬ್ರೈಟನ್ ರಾಕ್’ ಎಂಬ ಸಕ್ಕರೆಕೋಲನ್ನು ಕೊಡಿಸದೆ ವಿಧಿಯಿಲ್ಲ. ಎಲ್ಲಿ ಮುರಿದರೂ ಊರಿನ ಹೆಸರಿನ ಅಕ್ಷರಗಳು ಕಾಣುವ ಆ ಕೋಲಿನ ಗುಟ್ಟು ಸರಳ: ಬಣ್ಣದ ಪಾಕದಿಂದ ತೋಳು ದಪ್ಪದ ಅಕ್ಷರಗಳನ್ನು ಜೋಡಿಸಿ, ಬಿಸಿಯಿರುವಾಗಲೇ ಎಳೆದೆಳೆದು ಸಪೂರ ಮಾಡುತ್ತಾರೆ.

ಊಟದ ವಿಚಾರವನ್ನೇ ಹಿಡಿದು ಹೊರಟವರು ರಾಯಲ್ ಪೆವಿಲಿಯನ್ ಅರಮನೆಯನ್ನು ನೋಡದೆ ಬರಬಾರದು. ಹೊರಗೆ ನೋಡಿದರೆ ಉತ್ತರ ಹಿಂದೂಸ್ಥಾನದ ಗುಮ್ಮಟ ಮಿನಾರುಗಳು, ಒಳಗೆ ಚೀನಾದ ಅಲಂಕಾರ. ಜಾನ್ ನ್ಯಾಶ್ ಎಂಬ ವಾಸ್ತುಶಿಲ್ಪಿ 1815ರಿಂದ ಮೊದಲ್ಗೊಂಡು ಕೆಲವು ವರ್ಷಗಳಲ್ಲಿ ಇದನ್ನು ಯುವರಾಜನಿಗಾಗಿ ಮಾರ್ಪಡಿಸಿದನು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅದರ ಅಡುಗೆಮನೆ. ಎತ್ತರವಾದ ಆ ಕೋಣೆಯ ಕಬ್ಬಿಣದ ಕಂಬಗಳಿಗೆ ತಾಮ್ರದ ಗರಿಗಳನ್ನಿಟ್ಟು ತಾಳೆಮರಗಳಂತೆ ಮಾಡಿದ್ದಾರೆ. ಗೋಡೆಯ ಮೇಲೆ ಐನೂರಕ್ಕೂ ಮೇಲ್ಪಟ್ಟ ತಾಮ್ರದ ಪಾತ್ರೆಗಳು. ಅವು ವೆಲಿಂಗ್ಟನ್ ಡ್ಯೂಕನ ಲಂಡನ್ ಮನೆಯಿಂದ ಬಂದವು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಈ ಡ್ಯೂಕ್. ಫ್ರಾನ್ಸಿನ ಹೆಸರಾಂತ ಬಾಣಸಿಗ ಕರೇಮ್ ಇಲ್ಲಿ ಕೆಲಸ ಮಾಡುತ್ತಿದ್ದಾಗ, 1817ರ ಜನವರಿ 18ರಂದು ರಷ್ಯದ ರಾಜಕುಮಾರನಿಗೆ ನೂರಕ್ಕೂ ಹೆಚ್ಚು ಬಗೆಯ ಭಕ್ಷ್ಯಗಳ ಔತಣವಾಯಿತಂತೆ. ವಿಕ್ಟೋರಿಯಾ ರಾಣಿಗೆ ಈ ಮನೆ ಹಿಡಿಸಲಿಲ್ಲ. 1850ರಲ್ಲಿ ಅದು ಊರಿನವರ ಪಾಲಾಯಿತು.

ಈ ಅರಮನೆಯ ಇನ್ನೊಂದು ಅಧ್ಯಾಯ ಭಾರತೀಯರಿಗೆ ಸೇರಿದುದು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ಗಾಯಗೊಂಡ ನಮ್ಮ ದೇಶದ ಸಿಪಾಯಿಗಳಿಗಾಗಿ 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ ಇದು ಆಸ್ಪತ್ರೆಯಾಗಿತ್ತು. 4,300ಕ್ಕೂ ಹೆಚ್ಚು ಮಂದಿ ಇಲ್ಲಿ ಚಿಕಿತ್ಸೆ ಪಡೆದರು. ಕರೇಮನ ಅಡುಗೆಮನೆ ಶಸ್ತ್ರಕ್ರಿಯೆಯ ಕೋಣೆಯಾಯಿತು. ಹಾಗಾದರೆ ಅಡುಗೆ? ಅರಮನೆಯ ತೋಟದಲ್ಲಿ ಒಂಬತ್ತು ಅಡುಗೆಮನೆಗಳನ್ನು ಬೇರೆ ಬೇರೆಯಾಗಿ ಕಟ್ಟಿದರು. ಆಯಾ ಮತದವರಿಗೆ, ಆಯಾ ಜಾತಿಯವರಿಗೆ ಅವರವರ ಜನರೇ ಬೇಯಿಸಿ ಬಡಿಸುವ ಏರ್ಪಾಡು. ಹಿಂದೂಗಳಿಗೂ ಮುಸಲ್ಮಾನರಿಗೂ ಕುಡಿಯುವ ನೀರಿನ ನಲ್ಲಿಗಳು ಬೇರೆ, ಮಾಂಸ ಕಡಿಯುವ ಜಾಗಗಳು ಬೇರೆ, ಫಲಕಗಳಲ್ಲಿ ಉರ್ದು, ಹಿಂದಿ, ಗುರುಮುಖಿ ಅಕ್ಷರಗಳು. ಸಿಪಾಯಿಗಳಲ್ಲಿ ಅಸಮಾಧಾನ ಹುಟ್ಟದಿರಲೆಂಬ ರಾಜಕಾರಣವೂ ಇದರಲ್ಲಿತ್ತು. ಈ ವೈಭವದ ಚಿತ್ರಗಳನ್ನು ಅಚ್ಚುಹಾಕಿಸಿ ಹಂಚಿದರು. ಹಾಗೆಂದು ಆ ಒಂಬತ್ತು ಒಲೆಗಳ ಮುಂದೆ ಬೆವರು ಸುರಿಸಿದವರ ಶ್ರಮವೇನೂ ಸುಳ್ಳಲ್ಲ.

ಆದರೆ ಇವರಲ್ಲಿ ಯಾರೂ ನಮ್ಮಂತೆ ಸ್ವೇಚ್ಛೆಯಾಗಿ ಬೀದಿಗಿಳಿದು, ಬೇಕೆಂದಲ್ಲಿ ಕೂತು ಉಣ್ಣುವಂತಿರಲಿಲ್ಲ. ತೋಟದ ಸುತ್ತ ಬೇಲಿಯನ್ನು ಎತ್ತರಿಸಿದ್ದರು. ಹೊರಗೆ ಹೋಗುವುದಿದ್ದರೆ ಗುಂಪಾಗಿ, ಕಾವಲಿನೊಡನೆ. ಊರಿನ ಇನ್ನೊಂದು ಭಾಗದಲ್ಲಿದ್ದ ಕಿಚನರ್ ಭಾರತೀಯ ಆಸ್ಪತ್ರೆಯಲ್ಲಿ ಕಟ್ಟುಪಾಡು ಇನ್ನೂ ಬಿಗಿಯಾಗಿತ್ತು. ಸೆರೆಯಲ್ಲಿಟ್ಟಂತಾಯಿತೆಂದು ಅಲ್ಲಿದ್ದವರು ನೊಂದುಕೊಂಡರು. ಊರಿನ ಹೆಂಗಸರೊಡನೆ ಇವರ ಒಡನಾಟ ಬೆಳೆದೀತೆಂಬ ಭಯ ಅಧಿಕಾರಿಗಳಿಗೆ. ಒಳಗೆ ಜಾತಿ ಕೆಡದಂತೆ ಒಂಬತ್ತು ಒಲೆ, ಹೊರಗೆ ಒಂದು ಲೋಟ ಚಹಾಕ್ಕೂ ಅಪ್ಪಣೆ! ಎರಡನ್ನೂ ಮಾಡಿದ್ದು ಒಂದೇ ಕೈ.

ಈಗ ಆ ತೋಟದಲ್ಲಿಯೇ ಎರಡನೆಯ ಮಹಾಯುದ್ಧದ ಕಾಲದಿಂದ ನಡೆದುಬಂದ ಒಂದು ಚಿಕ್ಕ ಚಹಾದಂಗಡಿಯಿದೆ. ಬಯಲಿನಲ್ಲಿ ಮೇಜು ಕುರ್ಚಿ, ಬಿಸಿ ಚಹಾ, ಒಣದ್ರಾಕ್ಷಿ ಹಾಕಿದ ಉರುಟು ರಾಕ್ ಕೇಕು. ಅದರಲ್ಲಿ ಮೊಟ್ಟೆಯಿರುವುದರಿಂದ ದೊಡ್ಡಮ್ಮನವರಿಗೆ ಚಹಾ ಮಾತ್ರ. ನಾವು ಎರಡು ಮನೆಯವರೂ ಅಲ್ಲಿ ಒಂದೇ ಮೇಜಿಗೆ ಬಹಳ ಹೊತ್ತು ಕೂತಿದ್ದೆವು.

ಭಾರತೀಯ ಊಟದ ವಿಷಯದಲ್ಲಿ ಈ ಊರಿಗೆ ವಿಚಿತ್ರವಾದೊಂದು ನಂಟಿದೆ. ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ಶೇಕ್ ದೀನ್ ಮಹಮದ್ ಎಂಬಾತ, ಇಂಗ್ಲಿಷಿನಲ್ಲಿ ಪುಸ್ತಕ ಬರೆದ ಮೊದಲ ಭಾರತೀಯ. 1810ರಲ್ಲಿ ಆತ ಲಂಡನ್ನಿನಲ್ಲಿ ‘ಹಿಂದೂಸ್ಥಾನೀ ಕಾಫಿ ಹೌಸ್’ ಎಂಬ ಹೋಟೆಲನ್ನು ತೆರೆದನು. ಭಾರತೀಯನೊಬ್ಬ ಆ ದೇಶದಲ್ಲಿ ತೆರೆದ ಮೊದಲ ಭಾರತೀಯ ಭೋಜನಶಾಲೆ ಅದು. ಎರಡು ವರ್ಷಗಳಲ್ಲಿ ದಿವಾಳಿಯಾಯಿತು. 1814ರಲ್ಲಿ ಬ್ರೈಟನ್ನಿಗೆ ಬಂದು, ಕಡಲಿನ ಎದುರಿಗೆ ಆವಿಸ್ನಾನದ ಮನೆಯನ್ನು ಕಟ್ಟಿ, ಎಣ್ಣೆ ತಿಕ್ಕಿ ಚಾಂಪೊ ಮಾಡುವುದರಲ್ಲಿ ಇಬ್ಬರು ರಾಜರ ಮೆಚ್ಚುಗೆಯನ್ನು ಗಳಿಸಿದನು. ಇಂಗ್ಲಿಷರ ಶಾಂಪೂ ಎಂಬ ಮಾತು ನಮ್ಮ ‘ಚಾಂಪೊ’ದಿಂದ ಬಂದುದೇ. 1851ರಲ್ಲಿ ತೀರಿಕೊಂಡ ಆತನ ಗೋರಿ ಸೇಂಟ್ ನಿಕೊಲಾಸ್ ಇಗರ್ಜಿಯ ಅಂಗಳದಲ್ಲಿದೆ. ಹೊಟ್ಟೆಯ ಮೂಲಕ ಗೆಲ್ಲಲಾಗದ ಇಂಗ್ಲಿಷರನ್ನು ಬೆನ್ನಿನ ಮೂಲಕ ಗೆದ್ದ ಮಹಾನುಭಾವ!

ಇಂದು ಪ್ರೆಸ್ಟನ್ ಸ್ಟ್ರೀಟಿನಲ್ಲಿ ನಡೆದರೆ ಹಲವು ದೇಶಗಳ ಹೋಟೆಲುಗಳು ಸಾಲಾಗಿ ಸಿಗುತ್ತವೆ. ಬ್ರಿಟನ್ನಿನಲ್ಲಿ ‘ಇಂಡಿಯನ್’ ಎಂದು ಫಲಕ ಹಾಕಿದ ಎಷ್ಟೋ ಹೋಟೆಲುಗಳನ್ನು ನಡೆಸುವವರು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರೆಂಬುದು ನೆನಪಿರಲಿ. ಅವರ ಮೇಲೋಗರ ಇಂಗ್ಲಿಷ್ ನಾಲಿಗೆಗೆ ಹೊಂದಿಸಿದ್ದು. ಅದರಲ್ಲಿ ನಮ್ಮ ಸಾರು, ಹುಳಿಗಳನ್ನು ಹುಡುಕಬಾರದು. ನಾವು ಹೊಕ್ಕ ಒಂದು ಕಡೆ ದಾಲ್ ಎಂದು ಬಂದುದು ಸಿಹಿಯಾದ ಹಳದಿ ಗಂಜಿ.

ಪಬ್ಬುಗಳ ಬಗೆಗೆ ಎರಡು ಮಾತು. ಅವು ಬರಿಯ ಹೆಂಡದಂಗಡಿಗಳಲ್ಲ. ಸಂಸಾರ ಸಹಿತ ಹಗಲೂಟಕ್ಕೆ ಹೋಗುವ ಸ್ಥಳಗಳು. ಅನೇಕ ಕಡೆ ಮಾಣಿ ಮೇಜಿಗೆ ಬರುವುದಿಲ್ಲ. ಕಟ್ಟೆಯ ಬಳಿ ಹೋಗಿ ಹೇಳಿ, ಹಣ ಕೊಟ್ಟು ಬರಬೇಕು. ಮಧ್ಯಾಹ್ನದ ಊಟ ಮುಗಿದ ಮೇಲೆ ಸಂಜೆಯವರೆಗೆ ಹಲವು ಅಡುಗೆಮನೆಗಳು ಮುಚ್ಚಿರುತ್ತವೆ; ರಾತ್ರಿ ಒಂಬತ್ತರ ಮೇಲೆ ಹಸಿವಾದರೆ ಕಷ್ಟ. ಮದ್ಯ ಮಾರುವ ಹೋಟೆಲುಗಳು ನಲ್ಲಿಯ ನೀರನ್ನು ಕೇಳಿದವರಿಗೆ ಪುಕ್ಕಟೆಯಾಗಿ ಕೊಡಬೇಕೆಂಬುದು ಕಾನೂನು. ಸಂಕೋಚಪಟ್ಟು ಸೀಸೆಯ ನೀರಿಗೆ ದುಡ್ಡು ಸುರಿಯಬೇಕಾಗಿಲ್ಲ.

ಕೊನೆಯ ದಿನವನ್ನು ಊರ ಹೊರಗಿನ ಗುಡ್ಡಕ್ಕೆ ಮೀಸಲಿಡಿ. ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಸಿಪಾಯಿಗಳಲ್ಲಿ 53 ಮಂದಿಯನ್ನು ದಹನ ಮಾಡಿದ ಸ್ಥಳದಲ್ಲಿ, ಬಿಳಿಯ ಅಮೃತಶಿಲೆಯ ಛತ್ರಿಯೊಂದು ನಿಂತಿದೆ. 1921ರ ಫೆಬ್ರವರಿ 1ರಂದು ಅದು ಅನಾವರಣಗೊಂಡಿತು. ಅವರ ಹೆಸರುಗಳನ್ನು ಕೆತ್ತಿದ ಕಲ್ಲು ಪಕ್ಕಕ್ಕೆ ಬಂದದ್ದು 2010ರಲ್ಲಿ. ಪ್ರತಿವರ್ಷ ಜೂನ್ ತಿಂಗಳಲ್ಲಿ ಅಲ್ಲಿ ಸ್ಮರಣೆಯ ಕೂಟ ನಡೆಯುತ್ತದೆ. ಪ್ಯಾಚಮ್ ಎಂಬ ಹಳ್ಳಿಯ ಕಡೆಯಿಂದ ಕುರಿ ಮೇಯುವ ಬಯಲಿನಲ್ಲಿ ನಡೆದೇ ಹೋಗಬೇಕು, ವಾಹನ ಹೋಗದು. ಮೇಲೆ ಅಂಗಡಿಯಾಗಲಿ ನೀರಾಗಲಿ ಇಲ್ಲ. ದೊಡ್ಡಮ್ಮನವರು ಊರಿನಿಂದ ತಂದಿದ್ದ ಅವಲಕ್ಕಿಯನ್ನು ಬೆಳಗ್ಗೆ ಕಲಸಿ ಬುತ್ತಿ ಕಟ್ಟಿದ್ದರು. ಗುಡ್ಡದ ಗಾಳಿಯಲ್ಲಿ ಎರಡು ಮನೆಯವರೂ ಅದನ್ನೇ ಹಂಚಿಕೊಂಡು ತಿಂದೆವು.